ತ್ರಿಭುಜದಲ್ಲಿ ಕೂರದ 150 ಡಿಗ್ರಿ

ಪ್ರಶ್ನೆ: ಸರ್, ನಾನು ಮಧುಗಿರಿಯಲ್ಲಿ ಪ್ರಥಮ ಪಿಯುಸಿ ಓದುತ್ತಿದ್ದೇನೆ. ಸೈನ್ ಅಂದರೆ ಅಭಿಮುಖ ಬಾಹುವನ್ನು ವಿಕರ್ಣದಿಂದ ಭಾಗಿಸುವುದು ಅಂತ ಹತ್ತನೇ ತರಗತಿಯಲ್ಲಿ ಕಲಿತಿದ್ದೆ. ಈಗ ಸೈನ್ ಎಕ್ಸ್ = 1/2 ಅಂದರೆ 30 ಡಿಗ್ರಿ ಜೊತೆಗೆ 150 ಕೂಡ ಬರೆಯಬೇಕಂತೆ. ಲಂಬಕೋನ ತ್ರಿಭುಜದಲ್ಲಿ 150 ಹೇಗೆ ಕೂರುತ್ತದೆ? ಸೈನ್ 2ಎಕ್ಸ್ = ಸೈನ್ ಎಕ್ಸ್ ಲೆಕ್ಕದಲ್ಲಿ ನನಗೆ 60, 300 ಮಾತ್ರ ಬಂತು, ಮಾರ್ಕ್ಸ್ ಕಟ್ಟಾಯಿತು. ಇನ್ನೊಂದರಲ್ಲಿ ಸೈನ್ ಎಕ್ಸ್ = 2 ಅಂತ ಬಂದುಬಿಟ್ಟಿದೆ, ಏನು ಮಾಡಲಿ?
— ವಿದ್ಯಾರ್ಥಿನಿ, ಮಧುಗಿರಿ, ತುಮಕೂರು ಜಿಲ್ಲೆ

ಉತ್ತರ: ಕೂರುವುದಿಲ್ಲ ಕಣಮ್ಮ, ನಿನ್ನ ಅನುಮಾನ ಸರಿಯಾಗಿಯೇ ಇದೆ. ನಿಮ್ಮೂರಿನ ಬೆಟ್ಟದ ಬುಡದಿಂದ ಇಷ್ಟು ದೂರ ನಿಂತು ತುದಿ ನೋಡಿದರೆ ಉನ್ನತ ಕೋನ 30 ಡಿಗ್ರಿ, ಎತ್ತರ ಎಷ್ಟು ಎನ್ನುವಂಥ ಲೆಕ್ಕಗಳನ್ನು ಹತ್ತನೇ ತರಗತಿಯಲ್ಲಿ ಮಾಡಿರುತ್ತೀಯ. ಅಲ್ಲಿ ಕೋನ 90 ದಾಟುವ ಮಾತೇ ಇಲ್ಲ, ಹಾಗಾಗಿ ಉತ್ತರವೂ ಒಂದೇ. ಪಿಯುಸಿಗೆ ಬಂದಾಗ ಸೈನ್‌ನ ವ್ಯಾಖ್ಯೆಯನ್ನೇ ಹಿಗ್ಗಿಸುತ್ತಾರೆ. ಅದನ್ನು ಒಂದೇ ಸಾಲಿನಲ್ಲಿ ಹೇಳಿ ಸೀದಾ ಸೂತ್ರಕ್ಕೆ ಹಾರುವುದರಿಂದಲೇ ಮಕ್ಕಳಿಗೆ ಈ ತೊಡಕು.

ಒಂದು ಗ್ರಾಫ್ ಹಾಳೆ ತಗೋ. ಎರಡು ಅಕ್ಷ ಎಳೆದು, ಅವು ಸೇರುವ ಕಡೆ ಕೈವಾರದ ಮುಳ್ಳು ಊರಿ 5 ಸೆಂಟಿಮೀಟರ್ ತ್ರಿಜ್ಯದ ವೃತ್ತ ಹಾಕು. ಆ 5 ಸೆಂ.ಮೀ.ಯನ್ನೇ 1 ಅಂದುಕೋ, ಏಕಮಾನ ವೃತ್ತ ಸಿದ್ಧ. ಬಲಗಡೆ ಎಕ್ಸ್ ಅಕ್ಷದಿಂದ ಹೊರಟು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಯಾವ ಕೋನ ತಿರುಗಿದರೂ ವೃತ್ತದ ಮೇಲೆ ಒಂದು ಬಿಂದು ಸಿಗುತ್ತದೆ. ಅದು ಎಷ್ಟು ಬಲಕ್ಕಿದೆಯೋ ಅದು ಕಾಸ್, ಎಷ್ಟು ಮೇಲಿದೆಯೋ ಅದು ಸೈನ್. ಎಡಕ್ಕೋ ಕೆಳಕ್ಕೋ ಇದ್ದರೆ ಮೈನಸ್. ತ್ರಿಭುಜದ ಹಂಗೇ ಬೇಡ.

ಈಗ ನಿನ್ನ ಸಮೀಕರಣ ಕೇಳುವುದು ಇಷ್ಟೇ: ಅರ್ಧ ಎತ್ತರದಲ್ಲಿರುವ ಬಿಂದುಗಳು ಯಾವುವು? ಮಧ್ಯದಿಂದ 25 ಚಿಕ್ಕ ಮನೆ ಮೇಲೆ ಹೋಗಿ ಒಂದು ಅಡ್ಡಗೆರೆ ಎಳಿ. ವೃತ್ತವನ್ನು ಎರಡು ಕಡೆ ಕತ್ತರಿಸುತ್ತದೆ. ಕೋನಮಾಪಕ ಇಟ್ಟು ನೋಡು, ಬಲಗಡೆಯದು 30, ಎಡಗಡೆಯದು 150. ಕಾಸ್ ಆದರೆ ಮೇಲಿಂದ ಕೆಳಗೆ ನೆಟ್ಟಗೆರೆ: ಕಾಸ್ ಎಕ್ಸ್ = 1/2 ಇದ್ದರೆ 60 ಮತ್ತು 300. ಟ್ಯಾನ್ ಅಂದರೆ ಸೈನ್ ಅನ್ನು ಕಾಸ್‌ನಿಂದ ಭಾಗಿಸಿದ್ದು; ಅದಕ್ಕೆ ಕೇಂದ್ರದ ಮೂಲಕ ಹಾಯುವ ಗೆರೆ, ಅದಕ್ಕೇ ಅದರ ಉತ್ತರಗಳು 180ರ ಅಂತರದಲ್ಲಿ ಬರುತ್ತವೆ. ಸಾಮಾನ್ಯ ಪರಿಹಾರ, ಅಂದರೆ ಸಾಧ್ಯವಿರುವ ಎಲ್ಲ ಕೋನಗಳನ್ನೂ ಕೇಳಿದರೆ 360ರ ಗುಣಕಗಳನ್ನು ಕೂಡಿಸು, ಪೂರ್ತಿ ಸುತ್ತು ಬಂದರೆ ಅದೇ ಬಿಂದು ತಾನೆ? ಯಾವ ಭಾಗದಲ್ಲಿ ಯಾವುದು ಪ್ಲಸ್ ಎಂದು ಕಲಿಸುವ 'ಆಲ್ ಸಿಲ್ವರ್ ಟೀ ಕಪ್ಸ್' ಬಾಯಿಪಾಠ ನನಗೆ ಅಷ್ಟಕ್ಕಷ್ಟೆ. ಚಿತ್ರ ಹಾಕಿದವರಿಗೆ ಅದು ಬೇಕಾಗುವುದಿಲ್ಲ.

ತ್ರಿಜ್ಯ 1 ಇರಲೇಬೇಕೆಂದೇನೂ ಇಲ್ಲ, 1 ಇದ್ದರೆ ಭಾಗಿಸುವ ಕೆಲಸ ಉಳಿಯುತ್ತದೆ ಅಷ್ಟೇ. 476ರಲ್ಲಿ ಹುಟ್ಟಿದ ಆರ್ಯಭಟನ ಸೈನ್ ಕೋಷ್ಟಕದ ಹಿಂದಿರುವುದು 3438 ತ್ರಿಜ್ಯದ ವೃತ್ತ. ಒಂದು ಡಿಗ್ರಿಯ 60ನೇ ಒಂದು ಭಾಗಕ್ಕೆ ಕಲೆ ಎನ್ನುತ್ತಾರೆ; ಸುತ್ತಳತೆಯನ್ನು 360 ಡಿಗ್ರಿಯ ಕಲೆಗಳಷ್ಟು, ಅಂದರೆ 21,600 ಎಂದಿಟ್ಟುಕೊಂಡರೆ ತ್ರಿಜ್ಯ ಹೆಚ್ಚೂಕಡಿಮೆ ಅಷ್ಟೇ ಬರುತ್ತದೆ. ಮೂರೂ ಮುಕ್ಕಾಲು ಡಿಗ್ರಿಯ ಒಂದೊಂದು ಹೆಜ್ಜೆಗೆ ಎತ್ತರ ಎಷ್ಟೆಷ್ಟು ಏರುತ್ತದೆ ಎಂದು ಅವನು ಕೊಟ್ಟಿದ್ದಾನೆ: 225, 224, 222, 219, 215, 210, 205, 199, ಹೀಗೆ 24 ಸಂಖ್ಯೆಗಳು. ಮೊದಲ ಎಂಟು ಹೆಜ್ಜೆಗೆ 30 ಡಿಗ್ರಿ. ಆ ಎಂಟನ್ನೂ ಕೂಡಿ ನೋಡು, 1719. ಸರಿಯಾಗಿ 3438ರ ಅರ್ಧ!

ಎರಡನೇ ಲೆಕ್ಕದಲ್ಲಿ ಸೈನ್ 2ಎಕ್ಸ್ ಅನ್ನು 2 ಸೈನ್ ಎಕ್ಸ್ ಕಾಸ್ ಎಕ್ಸ್ ಎಂದು ಬಿಡಿಸಿ, ಎರಡೂ ಕಡೆಯ ಸೈನ್ ಎಕ್ಸ್ ಹೊಡೆದುಹಾಕಿರುತ್ತೀಯ. ಅದು ಸೊನ್ನೆಯಾಗಿದ್ದರೆ? ಸೊನ್ನೆಯಿಂದ ಭಾಗಿಸುವ ಹಾಗಿಲ್ಲ. ಎಲ್ಲವನ್ನೂ ಒಂದೇ ಕಡೆ ತಂದು ಸೈನ್ ಎಕ್ಸ್ (2 ಕಾಸ್ ಎಕ್ಸ್ − 1) = 0 ಎಂದು ಬರಿ. ಸೈನ್ ಎಕ್ಸ್ = 0 ಅಂದರೆ ಅಡ್ಡಗೆರೆ ಎಕ್ಸ್ ಅಕ್ಷವೇ ಆಯಿತು, ಅದು 0 ಮತ್ತು 180ರಲ್ಲಿ ಕತ್ತರಿಸುತ್ತದೆ. ನಿನಗೆ ತಪ್ಪಿಹೋದದ್ದು ಈ ಎರಡು.

ಸೈನ್ ಎಕ್ಸ್ = 2 ಬಂದದ್ದಕ್ಕೆ ಗಾಬರಿ ಬೇಡ. 2 ಸೈನ್ ವರ್ಗ ಎಕ್ಸ್ − 5 ಸೈನ್ ಎಕ್ಸ್ + 2 = 0 ಥರದ ಲೆಕ್ಕದಲ್ಲಿ 1/2ರ ಜೊತೆ 2 ಬಂದೇ ಬರುತ್ತದೆ. ನಿನ್ನ ಹಾಳೆಯಲ್ಲಿ 10 ಸೆಂ.ಮೀ. ಮೇಲೆ ಎಳೆದ ಗೆರೆ ವೃತ್ತವನ್ನು ಮುಟ್ಟುವುದೇ ಇಲ್ಲವಲ್ಲ. 'ಸೈನ್ ಎಕ್ಸ್ 1ನ್ನು ಮೀರುವುದಿಲ್ಲ, ಆದ್ದರಿಂದ ಇದಕ್ಕೆ ಪರಿಹಾರವಿಲ್ಲ' ಎಂದು ಒಂದು ಸಾಲು ಬರಿ. ಸುಮ್ಮನೆ ಬಿಟ್ಟರೆ ನೀನು ಮರೆತೆಯೋ ತಿಳಿದೇ ಬಿಟ್ಟೆಯೋ ಎಂದು ಪೇಪರ್ ತಿದ್ದುವವರಿಗೆ ಗೊತ್ತಾಗುವುದಿಲ್ಲ.