ಮನೆಯಲ್ಲೇ ಹಾಡು ರೆಕಾರ್ಡ್ ಮಾಡುವಾಗ ಭಾವ ಉಳಿಸಿಕೊಳ್ಳುವುದು ಹೇಗೆ?

ಸುಮ್ಮನೆ ಹಾಡಿಕೊಳ್ಳುವಾಗ ಗಂಟಲು ಕಟ್ಟಿಬರುವ ಹಾಡು ರೆಕಾರ್ಡ್ ಮಾಡಿ ಕೇಳಿದರೆ ಸಪ್ಪೆ, ಶ್ರುತಿ ತಾಳ ಎರಡೂ ಸರಿಯಿದ್ದರೂ ಜೀವ ಇಲ್ಲ, ಇದಕ್ಕಿಂತ ದುಬಾರಿ ಮೈಕ್ ಕೊಂಡರೆ ಸರಿಹೋಗುತ್ತಾ ಅಂತ ಕೇಳಿದ್ದೀರಿ. ಸದ್ಯಕ್ಕೆ ಮೈಕ್ ವಿಷಯ ಪಕ್ಕಕ್ಕಿಡಿ. ಹಾಡುವಾಗ ನಿಮ್ಮ ಹೆಡ್‌ಫೋನಿನಲ್ಲಿ ಏನು ಕೇಳಿಸುತ್ತಿದೆ ಅನ್ನುವುದನ್ನು ಮೊದಲು ನೋಡಿ. ಮನೆಯ ಕೋಣೆಯೊಂದರಲ್ಲಿ ನನ್ನ ದನಿಯನ್ನೂ ಗೆಳೆಯರ ದನಿಯನ್ನೂ ರೆಕಾರ್ಡ್ ಮಾಡುತ್ತಾ ಬಂದಿರುವ ನನ್ನ ಅನುಭವದಲ್ಲಿ ಭಾವ ಸೋರಿಹೋಗುವುದು ಬಹುತೇಕ ಹೆಡ್‌ಫೋನಿನಲ್ಲೇ.

ಹಾಡುವವರು ಕಿವಿಗೆ ಬಿದ್ದದ್ದಕ್ಕೆ ತಕ್ಕಂತೆ ಹಾಡುತ್ತಾರೆ. ಸುತ್ತ ಗದ್ದಲ ಹೆಚ್ಚಾದರೆ ನಮಗೆ ಗೊತ್ತಿಲ್ಲದೆಯೇ ದನಿ ಏರಿಸುತ್ತೇವಲ್ಲ, ಅದನ್ನು ಫ್ರಾನ್ಸಿನ ವೈದ್ಯ ಎಟಿಯೆನ್ ಲೊಂಬಾರ್ಡ್ 1911ರಲ್ಲೇ ಬರೆದಿಟ್ಟರು. ಇವತ್ತಿಗೂ ಅದು ಲೊಂಬಾರ್ಡ್ ಪರಿಣಾಮ ಎಂದೇ ಹೆಸರಾಗಿದೆ. ಹೆಡ್‌ಫೋನಿನಲ್ಲಿ ನಡೆಯುವುದೂ ಅದೇ. ಟ್ರ್ಯಾಕ್, ಅಂದರೆ ಹಿನ್ನೆಲೆಯ ವಾದ್ಯಸಂಗೀತ, ಜೋರಾಗಿದ್ದು ನಿಮ್ಮ ದನಿ ಅದರಡಿ ಹೂತುಹೋಗಿದ್ದರೆ, ಪಿಸುಗುಟ್ಟಬೇಕಾದ ಸಾಲನ್ನೂ ತಳ್ಳಿ ಹಾಡುತ್ತೀರಿ. ನಿಮ್ಮ ದನಿಯೇ ತೀರಾ ಜೋರಾಗಿ ಕೇಳಿಸುತ್ತಿದ್ದರೆ ಉಲ್ಟಾ: ಸಣ್ಣ ನಡುಕವೂ ದೊಡ್ಡದಾಗಿ ಕೇಳಿ, ಅಂಜಿಕೊಂಡು ದನಿ ಹಿಡಿದಿಟ್ಟುಕೊಳ್ಳುತ್ತೀರಿ, ಎತ್ತರದ ಸ್ವರಗಳಿಗೆ ಉಸಿರು ಸಾಲುವುದಿಲ್ಲ. ಎರಡರಲ್ಲೂ ಹಾಡಿನ ಏರಿಳಿತ ಚಪ್ಪಟೆಯಾಗುತ್ತದೆ. ನೀವು ‘ಜೀವ ಇಲ್ಲ’ ಅನ್ನುತ್ತಿರುವುದು ಹೆಚ್ಚಾಗಿ ಈ ಚಪ್ಪಟೆತನವನ್ನೇ.

ಗೆಳತಿಯೊಬ್ಬಳು ತಾನೇ ಬರೆದ ಅಗಲಿಕೆಯ ಹಾಡೊಂದನ್ನು ನನ್ನ ಹತ್ತಿರ ಹಾಡಲು ಬಂದಿದ್ದಳು. ಪಲ್ಲವಿಯ ಕೊನೆಗೆ ‘ಬರಲೇ ಇಲ್ಲ’ ಅಂತ ಬರುತ್ತದೆ. ಮಾತಿನಲ್ಲಿ ಹೇಳಿ ತೋರಿಸಿದಾಗ ಆ ‘ಇಲ್ಲ’ ಅರ್ಧಕ್ಕೇ ಉಸಿರಾಗಿಬಿಡುತ್ತಿತ್ತು. ರೆಕಾರ್ಡಿಂಗ್ ಶುರುವಾದರೆ ಮಾತ್ರ ಪ್ರತಿ ಸಲವೂ ಅದನ್ನು ಒತ್ತಿ, ಎಳೆದು, ಘೋಷಣೆ ಕೂಗಿದ ಹಾಗೆ ಮುಗಿಸುತ್ತಿದ್ದಳು. ‘ಇನ್ನೂ ಫೀಲ್ ಕೊಡು’ ಅಂದಿದ್ದರೆ ಮತ್ತಷ್ಟು ಒತ್ತುತ್ತಿದ್ದಳು, ಅಷ್ಟೇ. ಅವಳ ಹೆಡ್‌ಫೋನ್ ಹಾಕಿಕೊಂಡು ಕೇಳಿದಾಗ ಕಾರಣ ಸಿಕ್ಕಿತು. ಸರಿಯಾಗಿ ಆ ಪದದ ಮೇಲೆ ವಯಲಿನ್‌ಗಳು ಏರಿಬರುತ್ತಿದ್ದವು. ತನ್ನ ದನಿ ತನಗೆ ಕೇಳಲಿ ಅಂತ ಅವಳು ಅವುಗಳಿಗಿಂತ ಮೇಲೆ ಹೋಗುತ್ತಿದ್ದಳು. ವಯಲಿನ್ ಟ್ರ್ಯಾಕ್‌ಗಳನ್ನು ಮ್ಯೂಟ್ ಮಾಡಿ ಗಿಟಾರ್ ಒಂದೇ ಉಳಿಸಿದೆ, ದನಿಗೆ ಸ್ವಲ್ಪ ರಿವರ್ಬ್ (ದೊಡ್ಡ ಕೋಣೆಯಲ್ಲಿ ಹಾಡಿದಂಥ ಅನುರಣನ) ಹಾಕಿದೆ, ಒಂದು ಕಿವಿಯಿಂದ ಹೆಡ್‌ಫೋನ್ ಸರಿಸಲು ಹೇಳಿದೆ. ಮುಂದಿನ ಟೇಕಿನಲ್ಲಿ, ಅಂದರೆ ಮುಂದಿನ ಸಲ ಹಾಡಿದಾಗ, ‘ಬರಲೇ’ ಅಂದವಳು ಒಂದು ಕ್ಷಣ ತಡೆದಳು. ‘ಇಲ್ಲ’ದ ಎರಡನೇ ಅಕ್ಷರಕ್ಕೆ ದನಿಯೇ ಇರಲಿಲ್ಲ, ಬರೀ ಗಾಳಿ. ಆ ಟೇಕನ್ನೇ ಉಳಿಸಿಕೊಂಡೆವು. ವಯಲಿನ್‌ಗಳನ್ನು ಆ ಪದ ಮುಗಿದ ಮೇಲೆ ಏರುವ ಹಾಗೆ ಬದಲಿಸಿದೆವು.

ಹಾಗಾಗಿ ಹಾಡುವಾಗ ಕೇಳುವ ಮಿಕ್ಸ್ (ದನಿ, ವಾದ್ಯಗಳ ಬೆರಕೆ) ಬೇರೆ, ಕೊನೆಗೆ ಹೊರಬರುವ ಮಿಕ್ಸ್ ಬೇರೆ ಇರಲಿ. ಹಾಡುವಾಗ ಶ್ರುತಿ ಹಿಡಿಯಲು ಒಂದು ವಾದ್ಯ, ಲಯಕ್ಕೆ ಒಂದು, ಸಾಕು. ತಾಳಕ್ಕೆ ಟಿಕ್ ಟಿಕ್ ಅನ್ನುವ ಕ್ಲಿಕ್ ಬೇಕೇ ಬೇಕು ಅನ್ನುವುದಾದರೆ ಅದರ ಬದಲು ಗಿಲಕಿಯಂಥ ಶೇಕರ್ ವಾದ್ಯದ ಮೆತ್ತಗಿನ ಲೂಪ್ ಹಾಕಿಕೊಳ್ಳಿ. ಟಿಕ್ ಟಿಕ್ ಸದ್ದು ಪ್ರತಿ ಪದವನ್ನೂ ಹೊಡೆತದ ಮೇಲೇ ತಂದು ಕೂರಿಸುತ್ತದೆ, ಕೊಂಚ ತಡವಾಗಿ ಬೀಳಬೇಕಾದ ಪದಕ್ಕೆ ಜಾಗವೇ ಸಿಗುವುದಿಲ್ಲ. ರಿವರ್ಬ್ ನಿಮ್ಮ ಕಿವಿಗೆ ಮಾತ್ರ, ರೆಕಾರ್ಡ್ ಆಗುವುದು ರಿವರ್ಬ್ ಇಲ್ಲದ ಒಣ ದನಿಯೇ. ಒಂದು ಕಿವಿ ಖಾಲಿ ಬಿಟ್ಟಾಗ ಹೆಡ್‌ಫೋನಿನ ಆ ಕಡೆಯ ಕಪ್ ಅನ್ನು ತಲೆಗೆ ಒತ್ತಿ ಇಟ್ಟುಕೊಳ್ಳಿ, ಇಲ್ಲದಿದ್ದರೆ ಅದರ ಸದ್ದು ಮೈಕಿಗೆ ಸೇರುತ್ತದೆ.

ಇನ್ನೊಂದು ತೊಂದರೆ ಲೇಟೆನ್ಸಿ, ಅಂದರೆ ನಿಮ್ಮ ದನಿ ಕಂಪ್ಯೂಟರ್ ಒಳಗೆ ಹೋಗಿ ಕಿವಿಗೆ ವಾಪಸ್ ಬರಲು ಹಿಡಿಯುವ ಹೊತ್ತು. 48 ಕಿಲೋಹರ್ಟ್ಸ್‌ನಲ್ಲಿ (ಅಂದರೆ ದನಿಯನ್ನು ಸೆಕೆಂಡಿಗೆ 48,000 ಸ್ಯಾಂಪಲ್‌ಗಳಾಗಿ ಅಳೆಯುವಾಗ) ಬಫರ್, ಅಂದರೆ ಕಂಪ್ಯೂಟರ್ ಒಂದು ಸಲಕ್ಕೆ ಕೂಡಿಟ್ಟುಕೊಳ್ಳುವ ತುಣುಕು, 1024 ಸ್ಯಾಂಪಲ್ ಇದ್ದರೆ ಒಳಹೋಗುವುದಕ್ಕೇ ಸುಮಾರು 21 ಮಿಲಿಸೆಕೆಂಡ್, ಹೋಗಿ ಬರುವಷ್ಟರಲ್ಲಿ 40 ದಾಟಿರುತ್ತದೆ. 128ಕ್ಕೆ ಇಳಿಸಿದರೆ ಒಂದು ಕಡೆಗೆ 3 ಮಿಲಿಸೆಕೆಂಡೂ ಆಗುವುದಿಲ್ಲ. ನಮ್ಮ ದನಿ ತಲೆಬುರುಡೆಯ ಮೂಲಕವೂ ನಮಗೆ ಕೇಳುತ್ತದೆ, ಅದು ತಡವಾಗುವುದಿಲ್ಲ. ಇವೆರಡೂ ಹೊಂದದೆ ಹೋದಾಗ ದನಿ ಟೊಳ್ಳಾಗಿ, ಬೇರೆ ಯಾರದೋ ಅನ್ನಿಸುವಂತೆ ಕೇಳುತ್ತದೆ. ಅಂಥ ದನಿಯಲ್ಲಿ ಮನಸ್ಸು ಬಿಚ್ಚಿ ಹಾಡುವುದು ಬಲು ಕಷ್ಟ. ಇಂಟರ್‌ಫೇಸ್‌ನಲ್ಲಿ (ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ) ಡೈರೆಕ್ಟ್ ಮಾನಿಟರ್, ಅಂದರೆ ದನಿ ಕಂಪ್ಯೂಟರಿಗೆ ಹೋಗದೆ ನೇರ ಕಿವಿಗೆ ಬರುವ ಸೌಲಭ್ಯ, ಇದ್ದರೆ ಅದನ್ನೇ ಬಳಸಿ, ಸಾಫ್ಟ್‌ವೇರಿನಿಂದ ಬರೀ ರಿವರ್ಬನ್ನಷ್ಟೇ ಕಿವಿಗೆ ಕಳಿಸಿ. ರಿವರ್ಬ್ ಕೊಂಚ ತಡವಾದರೂ ಬಾಧಕವಿಲ್ಲ. ಬ್ಲೂಟೂತ್ ಹೆಡ್‌ಫೋನ್ ಮಾತ್ರ ಖಂಡಿತ ಬೇಡ.

ಮೈಕ್ ಬಗ್ಗೆ ಹೇಳಬೇಕಾದದ್ದು ಕಡಿಮೆ. ಅಮೆರಿಕದ ಗಾಯಕಿ ಬಿಲ್ಲಿ ಐಲಿಶ್ ಅವರು ಬಹುಪಾಲು ತಮ್ಮ ಅಣ್ಣನ ಮಲಗುವ ಕೋಣೆಯಲ್ಲೇ ರೆಕಾರ್ಡ್ ಮಾಡಿದ ಮೊದಲ ಆಲ್ಬಂಗೆ 2020ರಲ್ಲಿ ವರ್ಷದ ಆಲ್ಬಂ ಗ್ರ್ಯಾಮಿ ಬಂತು. ಐರ್ಲೆಂಡಿನ ರಾಕ್ ತಂಡ ಯೂಟೂದ ಗಾಯಕ ಬೋನೊ ವೇದಿಕೆಯ ಮೈಕಾದ ಶೂರ್ ಎಸ್‌ಎಂ58 ಅನ್ನು ಸ್ಟುಡಿಯೋದಲ್ಲೂ ಕೈಯಲ್ಲಿ ಹಿಡಿದು ಹಾಡಿದವರು. ನಿಮಗೂ ಸ್ಟ್ಯಾಂಡಿನ ಮುಂದೆ ನಿಂತರೆ ಮೈ ಬಿಗಿಯುವುದಾದರೆ ಅದರಂಥ ಡೈನಮಿಕ್ ಮೈಕ್ ಹಿಡಿದು ಹಾಡಿ ನೋಡಿ. ಮುಂದಿನಿಂದ ಬರುವ ದನಿಯನ್ನೇ ಹೆಚ್ಚಾಗಿ ಹಿಡಿಯುವ ಕಾರ್ಡಿಯಾಯ್ಡ್ ಮೈಕಿಗೆ ಹತ್ತಿರ ಹೋದಷ್ಟೂ ಮಂದ್ರದ ಭಾಗ ತುಂಬಿಕೊಂಡು, ಕೇಳುಗರ ಪಕ್ಕದಲ್ಲೇ ಕೂತು ಹಾಡಿದಂತಾಗುತ್ತದೆ. ಮೆಲುದನಿಯ ಸಾಲುಗಳನ್ನು ಒಂದು ಗೇಣಿಗಿಂತ ಹತ್ತಿರದಿಂದ, ಎತ್ತರದ ಸಾಲುಗಳನ್ನು ಸ್ವಲ್ಪ ಹಿಂದೆ ಸರಿದು ಹಾಡಿ. ಗೇನ್, ಅಂದರೆ ಮೈಕಿನ ದನಿಯನ್ನು ಎಷ್ಟು ಹಿಗ್ಗಿಸಬೇಕು ಅನ್ನುವುದನ್ನು, ಇಡುವಾಗ ಅತಿ ಜೋರಿನ ಸಾಲೂ ಮೀಟರಿನಲ್ಲಿ −12 ಡೆಸಿಬೆಲ್ ಆಸುಪಾಸಿನಲ್ಲೇ ನಿಲ್ಲಲಿ (0 ಅಂದರೆ ಮಿತಿ). 24 ಬಿಟ್‌ನಲ್ಲಿ ರೆಕಾರ್ಡ್ ಮಾಡಿದರೆ ಮೆಲ್ಲಗಿರುವುದನ್ನು ಆಮೇಲೆ ಎತ್ತಿಕೊಳ್ಳಬಹುದು. ದನಿ ಮಿತಿ ಮೀರಿ ಕೆಂಪು ದೀಪ ಹತ್ತೀತು ಅಂತ ಹೆದರಿ ಹಾಡಿದ್ದನ್ನು ಸಾಫ್ಟ್‌ವೇರಿಗೆ ಸೇರಿಸುವ ಯಾವ ಪ್ಲಗಿನ್ನೂ ಸರಿಮಾಡುವುದಿಲ್ಲ.

ಮನೆಯಲ್ಲಿ ಹಾಡುವವರೂ ನೀವೇ, ಎಂಜಿನಿಯರೂ ನೀವೇ. ಕಣ್ಣು ಪರದೆಯ ಅಲೆಗಳ ಮೇಲಿದ್ದರೆ ಮನಸ್ಸು ಹಾಡಿನೊಳಗೆ ಇಳಿಯುವುದಿಲ್ಲ. ಮೈಕ್, ಗೇನ್, ಹೆಡ್‌ಫೋನ್ ಮಿಕ್ಸ್ ಎಲ್ಲವನ್ನೂ ಹಿಂದಿನ ದಿನವೇ ಹೊಂದಿಸಿ ಟೆಂಪ್ಲೇಟ್ ಆಗಿ ಸೇವ್ ಮಾಡಿಡಿ. ಹಾಡುವ ದಿನ ಲೂಪ್ ರೆಕಾರ್ಡಿಂಗಿಗೆ (ಹಾಡು ಮುಗಿದೊಡನೆ ತಾನಾಗಿ ಮತ್ತೆ ಮೊದಲಿನಿಂದ ಹೊಸ ಟೇಕ್ ಶುರುವಾಗುವಂತೆ) ಹಾಕಿ, ಪರದೆ ಆಫ್ ಮಾಡಿ, ಇಡೀ ಹಾಡನ್ನು ಮೊದಲಿನಿಂದ ಕೊನೆಯವರೆಗೆ ಹಾಡಿ. ತಪ್ಪಿದರೂ ನಿಲ್ಲಿಸಬೇಡಿ, ನಡುವೆ ಕೇಳಲೂ ಬೇಡಿ. ಸಾಹಿತ್ಯ ಬಾಯಿಪಾಠವಿರಲಿ, ಫೋನ್ ನೋಡಿಕೊಂಡು ಹಾಡಿದರೆ ಓದಿದ ಹಾಗೇ ಕೇಳುತ್ತದೆ. ಇದು ಬರೀ ಗೈಡ್ ಟ್ರ್ಯಾಕ್, ಆಮೇಲೆ ಸರಿಯಾಗಿ ಹಾಡೋಣ ಅಂತ ಹಾಡಿದ್ದನ್ನೂ ಒಳ್ಳೆಯ ಮೈಕಿನಲ್ಲೇ ರೆಕಾರ್ಡ್ ಮಾಡಿ. ಯಾರೂ ಅಳೆಯುತ್ತಿಲ್ಲ ಅನ್ನುವ ನೆಮ್ಮದಿಯಲ್ಲಿ ಬಂದ ಸಾಲುಗಳು ಎಷ್ಟೋ ಸಲ ಕೊನೆಯ ಮಿಕ್ಸಿನವರೆಗೂ ಉಳಿಯುತ್ತವೆ.

ಆಯ್ಕೆಯ ಕೆಲಸ ಮರುದಿನಕ್ಕಿರಲಿ. ಕಣ್ಣು ಮುಚ್ಚಿ ಕೇಳಿ, ಯಾವ ಟೇಕಿಗೆ ಮೈ ಝುಂ ಅನ್ನುತ್ತದೋ ಅದನ್ನೇ ಬುಡವಾಗಿಟ್ಟುಕೊಂಡು, ತೀರಾ ಕೆಟ್ಟಿರುವ ಸಾಲುಗಳನ್ನಷ್ಟೇ ಬೇರೆ ಟೇಕ್‌ಗಳಿಂದ ತಂದು ಜೋಡಿಸಿ. ಪದ ಪದವಾಗಿ ಕತ್ತರಿಸಬೇಡಿ. ಒಂದು ಉಸಿರಿನಲ್ಲಿ ಹಾಡಿದ್ದು ಒಂದು ತುಣುಕು, ಉಸಿರೆಳೆದ ಸದ್ದನ್ನೂ ಸೇರಿಸಿಕೊಂಡು. ಆ ಉಸಿರು ನಿಧಾನದ್ದೋ ಅವಸರದ್ದೋ ಅನ್ನುವುದರಲ್ಲೇ ಮುಂದಿನ ಸಾಲಿನ ಭಾವ ಕೇಳುಗರಿಗೆ ಮುಟ್ಟಿರುತ್ತದೆ. ಉಸಿರಿನ ಸದ್ದನ್ನೆಲ್ಲ ಅಳಿಸಿಹಾಕುವ ರೂಢಿ ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಜೋರಾಗಿದ್ದರೆ 5–6 ಡೆಸಿಬೆಲ್ ಇಳಿಸಿ, ತೆಗೆಯಬೇಡಿ. ಶ್ರುತಿ ತಿದ್ದುವ ಆಟೋ-ಟ್ಯೂನ್ 1997ರಿಂದ ಇದೆ, ಬಳಸಿದರೆ ತಪ್ಪೇನಿಲ್ಲ. ಆದರೆ ಇಡೀ ಟ್ರ್ಯಾಕಿನ ಮೇಲೆ ವೇಗದ ಸೆಟ್ಟಿಂಗ್‌ನಲ್ಲಿ ಹರಿಸಿದರೆ ಸ್ವರದಿಂದ ಸ್ವರಕ್ಕೆ ಜಾರುವ ದಾರಿ, ಗಮಕ ಎಲ್ಲ ಮೆಟ್ಟಿಲು ಮೆಟ್ಟಿಲಾಗಿಬಿಡುತ್ತವೆ. ಕಿವಿಗೆ ಚುಚ್ಚುವ ಸ್ವರವನ್ನಷ್ಟೇ ಹುಡುಕಿ ಕೈಯಿಂದ ತಿದ್ದಿ.

ಜೋರಿನ ದನಿಯನ್ನು ತಗ್ಗಿಸಿ ಏರಿಳಿತ ಕಡಿಮೆ ಮಾಡುವ ಕಂಪ್ರೆಸರ್ ಹಾಕುವ ಮುಂಚೆ ಕ್ಲಿಪ್ ಗೇನ್‌ನಲ್ಲಿ (ಒಂದೊಂದು ತುಣುಕಿನ ಜೋರನ್ನು ಬೇರೆಬೇರೆಯಾಗಿ ಬದಲಿಸುವ ಸೌಲಭ್ಯ) ಸಾಲು ಸಾಲಾಗಿ ಮಟ್ಟ ಹೊಂದಿಸಿಕೊಂಡರೆ, ಆಮೇಲೆ ಕಂಪ್ರೆಸರ್ 3–4 ಡೆಸಿಬೆಲ್ ತಗ್ಗಿಸಿದರೂ ಸಾಕಾಗುತ್ತದೆ. ಒಂದೇ ಏಟಿಗೆ 10 ಡೆಸಿಬೆಲ್ ಅದುಮಿದರೆ ಪಿಸುಮಾತೂ ಕೂಗೂ ಒಂದೇ ಮಟ್ಟಕ್ಕೆ ಬರುತ್ತವೆ. ಸಾಲಿನ ಕೊನೆಯ ಅಕ್ಷರಗಳು ವಾದ್ಯಗಳ ನಡುವೆ ಮುಳುಗುತ್ತಿದ್ದರೆ ಅವನ್ನಷ್ಟೇ ವಾಲ್ಯೂಮ್ ಆಟೋಮೇಷನ್‌ನಲ್ಲಿ (ಹಾಡಿನ ಬೇಕಾದ ಜಾಗದಲ್ಲಿ ವಾಲ್ಯೂಮ್ ತಾನಾಗಿ ಬದಲಾಗುವಂತೆ ಹೊಂದಿಸಿ) ಒಂದೆರಡು ಡೆಸಿಬೆಲ್ ಎತ್ತಿ.