‘ನೀವೇ ಕೆಲಸ ಬಿಟ್ಟಿದ್ದೀರಲ್ಲಮ್ಮ’

ಮೈಸೂರು ರಸ್ತೆಯ ಗಾರ್ಮೆಂಟ್ಸ್ ಫ್ಯಾಕ್ಟರಿಯೊಂದರಲ್ಲಿ ಏಳು ವರ್ಷ ಟೈಲರ್ ಆಗಿದ್ದ ಓದುಗರೊಬ್ಬರು ಬರೆದಿದ್ದಾರೆ: ಆರ್ಡರ್ ಇಲ್ಲವೆಂದು ಕಳೆದ ಡಿಸೆಂಬರಿನಲ್ಲಿ ನಲವತ್ತು ಜನರನ್ನು ಒಂದೇ ಸಂಜೆ ಕರೆದು, ಇಂಗ್ಲಿಷಿನಲ್ಲಿ ಅಚ್ಚಾದ ಕಾಗದಕ್ಕೆ ಸಹಿ ಹಾಕಿಸಿಕೊಂಡು ಮನೆಗೆ ಕಳಿಸಿದರು. ಎರಡು ತಿಂಗಳ ಮೇಲೆ ಇಎಸ್‌ಐ (ನೌಕರರ ರಾಜ್ಯ ವಿಮೆ) ನಿರುದ್ಯೋಗ ಭತ್ಯೆ ಕೇಳಲು ಹೋದರೆ, ‘ನೀವೇ ಕೆಲಸ ಬಿಟ್ಟಿದ್ದೀರಲ್ಲಮ್ಮ, ಬರೋದಿಲ್ಲ’ ಎಂಬ ಉತ್ತರ ಸಿಕ್ಕಿತು. ‘ನಾನು ಕೇಳ್ತಿರೋದು ಭಿಕ್ಷೆನಾ? ಇನ್ನೇನೂ ಮಾಡೋಕಾಗಲ್ವಾ?’ ಎಂದು ಕೇಳಿದ್ದಾರೆ.

ಪ್ರಿಯ ಸೋದರಿ,

ಭಿಕ್ಷೆಯಲ್ಲ. ಪತ್ರದ ಜೊತೆ ನೀವಿಟ್ಟಿರುವ ಸಂಬಳದ ಚೀಟಿ ನನ್ನ ಮೇಜಿನ ಮೇಲಿದೆ. ನಾಲ್ಕು ಮಡಿಕೆ ಬಿದ್ದು ಅಂಚು ಸವೆದಿದೆ. ಹನ್ನೆರಡು ಸಾವಿರ ಸಂಬಳ, ಇಎಸ್‌ಐ ಕಾಲಮ್ಮಿನಲ್ಲಿ 90 ರೂಪಾಯಿ ಕಡಿತ. ಶೇ 0.75ರ ಲೆಕ್ಕ ಅದು. ಅದಕ್ಕೆ ಮಾಲೀಕರು ಶೇ 3.25, ಅಂದರೆ 390 ರೂಪಾಯಿ ಸೇರಿಸಿ ಕಟ್ಟಬೇಕು. ತಿಂಗಳು ತಿಂಗಳು ನಿಮ್ಮ ಹೆಸರಿನಲ್ಲಿ ಹೋದ ವಿಮೆಯ ಹಣವನ್ನು ನೀವು ಕೇಳುತ್ತಿದ್ದೀರಿ. ತಲೆ ತಗ್ಗಿಸುವಂಥದ್ದು ಇದರಲ್ಲಿ ಏನೂ ಇಲ್ಲ.

ನೀವು ಅರ್ಜಿ ಹಾಕಿದ್ದು 2018ರ ಜುಲೈನಲ್ಲಿ ಶುರುವಾಗಿ, ಆಮೇಲೆ ಅವಧಿ ವಿಸ್ತರಿಸುತ್ತಾ ಬಂದಿರುವ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆಗೆ. ಮೊದಲು ದಿನದ ಸರಾಸರಿ ಗಳಿಕೆಯ ಕಾಲು ಭಾಗ ಕೊಡುತ್ತಿದ್ದರು, ಕೊರೊನಾ ಕಾಲದಲ್ಲಿ ಅದನ್ನು ಗಳಿಕೆಯ ಅರ್ಧಕ್ಕೆ ಏರಿಸಿದರು. ಹೆಚ್ಚೆಂದರೆ 90 ದಿನ, ಜೀವಮಾನದಲ್ಲಿ ಒಂದೇ ಸಲ. ಎರಡು ವರ್ಷದ ಒಟ್ಟು ಗಳಿಕೆಯನ್ನು 730ರಿಂದ ಭಾಗಿಸಿದರೆ ನಿಮಗೆ ದಿನಕ್ಕೆ 394 ರೂಪಾಯಿ ಆಗುತ್ತದೆ. ಅದರ ಅರ್ಧದಂತೆ ತೊಂಬತ್ತು ದಿನಕ್ಕೆ ಸುಮಾರು 17,700. ಮನೆ ಬಾಡಿಗೆ, ಮಗಳ ಫೀಸು ಎಂದು ನೀವು ಬರೆದಿರುವುದನ್ನು ನೋಡಿದರೆ ಇದು ಚಿಕ್ಕ ಮೊತ್ತವಲ್ಲ.

ಷರತ್ತುಗಳ ವಿಷಯ. ಕೆಲಸ ಹೋಗುವ ಮುಂಚಿನ ಎರಡು ವರ್ಷ ವಿಮೆಗೆ ಒಳಪಟ್ಟ ಕೆಲಸದಲ್ಲಿರಬೇಕು. ಇಎಸ್‌ಐ ಲೆಕ್ಕದಲ್ಲಿ ವರ್ಷಕ್ಕೆ ಎರಡು ವಂತಿಗೆ ಅವಧಿ: ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್. ಕೆಲಸ ಹೋಗುವುದಕ್ಕೆ ತಕ್ಷಣ ಮುಂಚಿನ ಅವಧಿಯಲ್ಲಿ 78 ದಿನ, ಅದರ ಹಿಂದಿನ ಮೂರರಲ್ಲಿ ಯಾವುದಾದರೂ ಒಂದರಲ್ಲಿ 78 ದಿನ ವಂತಿಗೆ ಬಿದ್ದಿರಬೇಕು. ನೀವು ಬರೆದಿರುವ ಪ್ರಕಾರ ದಿನಗಳಿಗೆ ಕೊರತೆಯಿಲ್ಲ. ಅರ್ಜಿ ನಿಂತಿರುವುದು ಇನ್ನೊಂದು ಷರತ್ತಿನ ಮೇಲೆ: ತಾನಾಗಿ ಕೆಲಸ ಬಿಟ್ಟವರಿಗೆ ಈ ಹಣ ಇಲ್ಲ.

ಕೌಂಟರಿನಲ್ಲಿದ್ದವರು ಕಂಪ್ಯೂಟರಿನಲ್ಲಿ ಕಂಡದ್ದನ್ನು ಓದಿ ಹೇಳಿದ್ದಾರೆ. ತಿಂಗಳ ವಂತಿಗೆ ತುಂಬುವಾಗ ಕೆಲಸದಲ್ಲಿಲ್ಲದವರ ಹೆಸರಿನ ಮುಂದೆ ಕಾರಣವನ್ನು ಆರಿಸುವುದು ಫ್ಯಾಕ್ಟರಿಯವರು. ಅಲ್ಲಿ ‘ಕೆಲಸ ಬಿಟ್ಟಿದ್ದಾರೆ’ ಎನ್ನುವುದೂ ಇದೆ, ‘ಕೆಲಸದಿಂದ ಕಡಿತ’, ಅಂದರೆ ಮಾಲೀಕರೇ ತೆಗೆದದ್ದು, ಎನ್ನುವುದೂ ಇದೆ. ಕಡಿತ ಎಂದು ಬರೆದರೆ ದುಡಿದ ಪ್ರತಿ ಪೂರ್ತಿ ವರ್ಷಕ್ಕೆ 15 ದಿನದ ಸಂಬಳ ಪರಿಹಾರ ಕೊಡಬೇಕಾಗುತ್ತದೆ. ಏಳು ವರ್ಷಕ್ಕೆ 105 ದಿನ. ನಲವತ್ತು ಜನರಿಗೆ ಎಷ್ಟಾಯಿತು ಎಂದು ನೀವೇ ಕೂಡಿ ನೋಡಿ. ಆ ಸಂಜೆ ಅಷ್ಟು ಅವಸರದಲ್ಲಿ ಸಹಿ ಹಾಕಿಸಿಕೊಂಡದ್ದು ಈ ದುಡ್ಡು ಉಳಿಸಲಿಕ್ಕೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಓದಲು ಬಾರದ ಭಾಷೆಯ ಕಾಗದಕ್ಕೆ ಸಹಿ ಹಾಕಿದೆ ಎಂದು ನಿಮ್ಮನ್ನು ನೀವು ಹಳಿದುಕೊಂಡಿದ್ದೀರಿ. ದಯವಿಟ್ಟು ಬೇಡ. ಸೂಪರ್‌ವೈಸರ್ ಎದುರು ನಿಂತು, ಗೇಟು ಮುಚ್ಚುವ ಹೊತ್ತಿನಲ್ಲಿ, ಬಾಕಿ ಸಂಬಳ ಸಿಗಬೇಕಲ್ಲ ಎಂಬ ಭಯದಲ್ಲಿ ಯಾರಿದ್ದರೂ ಹಾಕುತ್ತಿದ್ದರು.

ಈಗ ಇಎಸ್‌ಐ ಶಾಖೆಗೆ ಒಬ್ಬರೇ ಮತ್ತೆ ಅಲೆಯಬೇಡಿ. ಮೊದಲು ಲೇಬರ್ ಆಫೀಸಿಗೆ ಹೋಗಿ. ರಾಜೀನಾಮೆಯನ್ನು ಬಲವಂತದಿಂದ ಬರೆಸಿಕೊಂಡರು, ಇದು ಕೆಲಸದಿಂದ ತೆಗೆದದ್ದೇ ಎಂದು ಲಿಖಿತ ದೂರು ಕೊಡಿ. ನಲವತ್ತು ಹೆಂಗಸರು ಒಂದೇ ದಿನ, ಒಂದೇ ಅಚ್ಚಿನ ಕಾಗದದಲ್ಲಿ ತಾವಾಗಿ ಕೆಲಸ ಬಿಟ್ಟರು ಎಂದರೆ ಯಾರು ನಂಬುತ್ತಾರೆ? ಹಾಗಾಗಿ ಎಷ್ಟು ಜನ ಸಿಗುತ್ತಾರೋ ಅಷ್ಟೂ ಜನ ಒಟ್ಟಿಗೆ ಹೋಗಿ. ಸ್ವೀಕೃತಿ ಮೊಹರು ಹಾಕಿಸಿಕೊಂಡ ಪ್ರತಿ ಕೈಗೆ ಬರದೆ ಅಲ್ಲಿಂದ ಏಳಬೇಡಿ. ಕಡಿತ ಎಂದು ದಾಖಲೆ ತಿದ್ದಿದರೆ 2005ರಿಂದ ಇರುವ, ಇಎಸ್‌ಐನದೇ ಆದ ರಾಜೀವ್ ಗಾಂಧಿ ಶ್ರಮಿಕ ಕಲ್ಯಾಣ ಯೋಜನೆಯನ್ನೂ ಕೇಳಬಹುದು. ಅದರಲ್ಲಿ ಮೊದಲ ಹನ್ನೆರಡು ತಿಂಗಳು ಅರ್ಧ ಸಂಬಳ, ಮುಂದಿನ ಹನ್ನೆರಡು ತಿಂಗಳು ಕಾಲು ಭಾಗ. ತೊಂಬತ್ತು ದಿನದ ಭತ್ಯೆಗಿಂತ ಇದು ಎಷ್ಟೋ ದೊಡ್ಡದು, ಆದರೆ ಗಾರ್ಮೆಂಟ್ಸ್ ಹೆಂಗಸರಲ್ಲಿ ಇದರ ಹೆಸರು ಕೇಳಿದವರನ್ನೇ ನಾನು ಕಂಡಿಲ್ಲ.

ಗ್ರಾಚ್ಯುಟಿಯನ್ನು, ಅಂದರೆ ದುಡಿದ ವರ್ಷಗಳ ಲೆಕ್ಕದಲ್ಲಿ ಕೆಲಸ ಬಿಡುವಾಗ ಮಾಲೀಕರು ಕೊಡಬೇಕಾದ ಹಣವನ್ನು, ಮರೆಯಬೇಡಿ. ಐದು ವರ್ಷ ದಾಟಿದವರಿಗೆ ರಾಜೀನಾಮೆ ಕೊಟ್ಟರೂ ಅದು ಬರಲೇಬೇಕು. ನೀವು ಪತ್ರದಲ್ಲಿ ಅದರ ಮಾತೇ ಎತ್ತಿಲ್ಲ.

ಪಿಎಫ್ (ಭವಿಷ್ಯ ನಿಧಿ) ಹಣ ತೆಗೆಯಲು ಕೇಂದ್ರ ತಂದ ಹೊಸ ನಿರ್ಬಂಧದ ವಿರುದ್ಧ 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ರಸ್ತೆಗಿಳಿದರು, ಎರಡನೇ ದಿನಕ್ಕೆ ಆದೇಶ ವಾಪಸಾಯಿತು. ನಿಮ್ಮ ಲೈನಿನಲ್ಲಿ ಅವತ್ತು ನಡೆದವರು ಯಾರಾದರೂ ಇರುತ್ತಾರೆ, ಹುಡುಕಿ ಜೊತೆಗೆ ಕರೆದುಕೊಳ್ಳಿ. ಚೀಟಿಯ ಮೂಲಪ್ರತಿಯನ್ನು ಇವತ್ತೇ ಸ್ಪೀಡ್ ಪೋಸ್ಟಿನಲ್ಲಿ ಹಿಂದಕ್ಕೆ ಕಳಿಸುತ್ತಿದ್ದೇನೆ. ದೂರಿಗೆ ಅದು ಬೇಕಾಗುತ್ತದೆ.