ಊರು ಬಿಟ್ಟವರ ಸುದ್ದಿ, ಊರಿನವರ ಸುದ್ದಿ

ಹೊರಗೆ ನೆಲೆಸಿದ ಕನ್ನಡಿಗರನ್ನು ಮಾಧ್ಯಮಗಳು ಹೇಗೆ ತೋರಿಸುತ್ತವೆ, ಹೇಗೆ ಬೆಸೆಯುತ್ತವೆ ಎಂಬ ಬಗ್ಗೆ ಕಳೆದ ಸಂಚಿಕೆಯಲ್ಲಿ ಪ್ರಶ್ನೆಗಳನ್ನು ಆಹ್ವಾನಿಸಿದ್ದೆವು. ಬಂದ ಪತ್ರಗಳಲ್ಲಿ ಹೆಚ್ಚಿನವು ಕಾಸರಗೋಡು ಜಿಲ್ಲೆಯವು, ಇಲ್ಲವೇ ಇಲ್ಲಿಂದ ಹೊರಟು ಮುಂಬಯಿಯಲ್ಲೋ ಕೊಲ್ಲಿ ದೇಶಗಳಲ್ಲೋ ನೆಲೆಸಿದವರವು. ಆಯ್ದ ಐದು ಪತ್ರಗಳಿಗೆ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ನನ್ನ ಮಗ ಶಾರ್ಜಾದಲ್ಲಿದ್ದಾನೆ, ತಮ್ಮ ಮುಂಬಯಿಯಲ್ಲಿದ್ದಾನೆ. ಅವರಂಥವರನ್ನು ಈಗ ಲೇಖನಗಳಲ್ಲಿ ‘ಡಯಾಸ್ಪೊರ’ ಎಂದು ಕರೆಯುತ್ತಾರೆ. ಊರು ಬಿಡದ ನನ್ನನ್ನು ಮಾತ್ರ ಕೆಲವರು ಹೊರನಾಡ ಕನ್ನಡಿಗ ಎನ್ನುತ್ತಾರೆ, ಕೆಲವರು ಗಡಿನಾಡ ಕನ್ನಡಿಗ ಎನ್ನುತ್ತಾರೆ. ನಾನು ಯಾವ ಪಟ್ಟಿಗೆ ಸೇರಿದವನು? — ಓದುಗರು, ಮಂಜೇಶ್ವರ

ಡಯಾಸ್ಪೊರ ಎಂಬುದು ಗ್ರೀಕ್ ಮೂಲದ ಮಾತು. ಬೀಜ ಚೆಲ್ಲಿದಂತೆ ಜನ ಚದುರಿಹೋಗುವುದು ಎಂದು ಅದರ ಅರ್ಥ. ತಾವು ಚದುರಿದವರಲ್ಲ, ಗೆರೆಯೇ ತಮ್ಮನ್ನು ದಾಟಿ ಹೋಯಿತು. 1956ರ ನವೆಂಬರ್ 1ರವರೆಗೆ ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ಕಾಸರಗೋಡು ತಾಲೂಕು ಅಂದಿನಿಂದ ಕೇರಳದ್ದಾಯಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದು ಗಡಿ ವಿವಾದದ ಪರಿಶೀಲನೆಗೆ ಕೇಂದ್ರ ಸರ್ಕಾರ ನೇಮಿಸಿದ ಮಹಾಜನ ಆಯೋಗ 1967ರಲ್ಲಿ ಹೇಳಿದ ಮಾತು ಕಾಗದದಲ್ಲೇ ಉಳಿಯಿತು. ಆದುದರಿಂದ ‘ಹೊರನಾಡು’ ಎಂಬ ಮಾತನ್ನು ಇಲ್ಲಿಯವರು ಒಪ್ಪದಿರುವುದು ಸರಿಯೇ ಆಗಿದೆ. ಮನೆ, ತೋಟ, ದೈವಸ್ಥಾನ ಎಲ್ಲವೂ ಇದ್ದಲ್ಲೇ ಇರುವಾಗ ಹೊರಗೆ ಹೋದವರು ಯಾರು?

ತಮ್ಮ ಮಗನ ಸಂಗತಿ ಬೇರೆ. ಮಲಯಾಳದಲ್ಲಿ ‘ಪ್ರವಾಸಿ’ ಎಂದರೆ ದುಡಿಮೆಗಾಗಿ ಪರದೇಶದಲ್ಲಿ ನೆಲೆಸಿದವನು, ಕನ್ನಡದಲ್ಲಿ ಅದೇ ಮಾತಿಗೆ ಊರು ನೋಡಲು ಹೊರಟವನು ಎಂದರ್ಥ. ಕೇರಳ ಸರ್ಕಾರ 1996ರಲ್ಲೇ ಅನಿವಾಸಿ ಕೇರಳೀಯರಿಗಾಗಿ ‘ನೋರ್ಕಾ’ ಎಂಬ ಪ್ರತ್ಯೇಕ ಇಲಾಖೆಯನ್ನು ತೆರೆದಿದ್ದು, ತಮ್ಮ ಮಗ ಆ ಲೆಕ್ಕದಲ್ಲಿ ಪ್ರವಾಸಿ. ಶಾರ್ಜಾದ ಕನ್ನಡ ರಾಜ್ಯೋತ್ಸವದ ಸಭೆಯಲ್ಲಿ ಕುಳಿತಾಗ ಅನಿವಾಸಿ ಕನ್ನಡಿಗ. ಮನೆಗೆ ಫೋನು ಮಾಡಿದಾಗ ಪ್ರಾಯಶಃ ತುಳುವ. ಈ ಮೂರನ್ನೂ ಒಟ್ಟಿಗೆ ಕಾಣುವ ಮಾಧ್ಯಮ ಇಂದಿಗೂ ಅಪರೂಪ. ತಿರುವನಂತಪುರದ ಕಣ್ಣಿಗೆ ಅವನ ಕನ್ನಡ ಬೀಳುವುದಿಲ್ಲ, ಬೆಂಗಳೂರಿನ ಕಣ್ಣಿಗೆ ಅವನ ಊರು ಬೀಳುವುದಿಲ್ಲ.

ಪ್ರಶ್ನೆ: ಟಿವಿ, ಮೊಬೈಲು ಇಲ್ಲದ ಕಾಲದಲ್ಲಿ ನಮ್ಮವರಿಗೆ ಊರಿನ ಸುದ್ದಿ ಹೇಗೆ ತಲುಪುತ್ತಿತ್ತು? ಮಕ್ಕಳಿಗೆ ಹೇಳಬೇಕಾಗಿದೆ. — ಶಿಕ್ಷಕಿ, ಬದಿಯಡ್ಕ

ಮುಂಬಯಿಯಿಂದ ಆರಂಭಿಸಬಹುದು. ಅಲ್ಲಿಗೆ ಹೋಟೆಲು ಕೆಲಸಕ್ಕೆ ಹೋದ ಹುಡುಗರು ಹಗಲು ಲೋಟ ತೊಳೆದು, ರಾತ್ರಿ ಕನ್ನಡ ಮಾಧ್ಯಮದ ರಾತ್ರಿಶಾಲೆಗಳಲ್ಲಿ ಓದಿದರು. ಆ ಶಾಲೆಗಳೂ ಜಾತಿ-ಊರುಗಳ ಹೆಸರಿನ ಸಂಘಗಳೂ ಓದುಗರನ್ನು ಸಿದ್ಧಗೊಳಿಸಿದ್ದರಿಂದಲೇ ಸಂಘಗಳ ಮಾಸಪತ್ರಿಕೆಗಳು ಬಾಳಿದವು. ಮುಂದೆ ‘ಕರ್ನಾಟಕ ಮಲ್ಲ’ದಂಥ ದಿನಪತ್ರಿಕೆ ಅಲ್ಲೇ ನಡೆಯಲು, ಮಣಿಪಾಲದ ‘ಉದಯವಾಣಿ’ ಮುಂಬಯಿ ಆವೃತ್ತಿಯನ್ನು ತರಲು ಸಾಧ್ಯವಾದುದೂ ಹಾಗೆಯೇ. ಡೊಂಬಿವಲಿಯಲ್ಲಿ ನಡೆದ ಪೂಜೆಯ ವರದಿಯ ಪಕ್ಕದಲ್ಲೇ ಊರಿನ ಬ್ರಹ್ಮಕಲಶದ ಆಮಂತ್ರಣವೂ ಇರುತ್ತಿದ್ದ ಆ ಪುಟಗಳನ್ನು ನಾನು ಗೌರವದಿಂದ ನೆನೆಯುತ್ತೇನೆ.

ಕೊಲ್ಲಿಯ ಕತೆ ಹೀಗಲ್ಲ. 1973ರ ಬಳಿಕ ತೈಲದ ಬೆಲೆ ಏರಿ ಅಲ್ಲಿ ಕೆಲಸ ಹೆಚ್ಚಿದಾಗ ನಮ್ಮ ಕರಾವಳಿಯಿಂದ ಹೋದವರಿಗೆ ಅಲ್ಲಿ ಕನ್ನಡದ ಪತ್ರಿಕೆಯೂ ಇರಲಿಲ್ಲ, ರಾತ್ರಿಶಾಲೆಯೂ ಇರಲಿಲ್ಲ. ಇದ್ದುದು ಏರ್‌ಮೇಲ್ ಕಾಗದ, ಬಳಿಕ ಕ್ಯಾಸೆಟ್ಟು. ನನ್ನ ಅಣ್ಣ ಅಬುಧಾಬಿಯಲ್ಲಿದ್ದಾಗ ನಮ್ಮ ಮನೆಯಲ್ಲಿ ನಡೆಯುತ್ತಿದ್ದುದನ್ನು ಹೇಳುತ್ತೇನೆ. ರಜೆಗೆ ಬಂದ ಯಾರಾದರೂ ಮರಳುವ ಮೊದಲಿನ ದಿನ ಅಮ್ಮನನ್ನು ಟೇಪ್‌ರೆಕಾರ್ಡರಿನ ಎದುರು ಕೂರಿಸುತ್ತಿದ್ದೆವು. ಮೊದಲು ಸ್ವಲ್ಪ ಹೊತ್ತು ಅಮ್ಮ ಏನೂ ಹೇಳದೆ ಸೆರಗಿನ ತುದಿಯನ್ನು ಮಡಚುತ್ತಿದ್ದರು. ಬಳಿಕ ಕಪ್ಪು ದನ ಕರು ಹಾಕಿದ್ದು, ಅಡಿಕೆಗೆ ಕೊಳೆರೋಗ ಬಂದದ್ದು, ಯಾರ ಮನೆಯಲ್ಲಿ ಸೂತಕ, ಯಾರ ಮನೆಯಲ್ಲಿ ಮದುವೆ ಎಂದು ಒಂದೇ ಉಸಿರಿನಲ್ಲಿ ಸಾಗುತ್ತಿತ್ತು. ಹಿನ್ನೆಲೆಯಲ್ಲಿ ಹಂಚಿನ ಮೇಲೆ ಮಳೆ ಬೀಳುವ ಸದ್ದೂ ಸೇರಿರುತ್ತಿತ್ತು. ಆ ಸದ್ದು ಬರುವ ಜಾಗವನ್ನು ಕೋಣೆಯವರೆಲ್ಲ ಮತ್ತೆ ಮತ್ತೆ ಹಾಕಿಸಿ ಕೇಳುತ್ತಿದ್ದರೆಂದು ಅಣ್ಣ ಬರೆದಿದ್ದ. ಅದೇ ಕ್ಯಾಸೆಟ್ಟಿನ ಮೇಲೆ ಅವನ ಉತ್ತರ ತುಂಬಿ ಮರಳುತ್ತಿತ್ತು, ಅದರ ಮೇಲೆ ಮತ್ತೆ ಅಮ್ಮನ ಮಾತು. ಹೀಗಾಗಿ ಇಂದು ನಮ್ಮಲ್ಲಿ ಒಂದು ಕ್ಯಾಸೆಟ್ಟು ಮಾತ್ರ ಉಳಿದಿದೆ, ಅದರಲ್ಲಿ ಕೊನೆಯ ಸಲದ ಮಾತಲ್ಲದೆ ಬೇರೇನೂ ಇಲ್ಲ.

ಹಲಸಿನ ಹಪ್ಪಳದ ಕಟ್ಟಿಗೆ ಸುತ್ತಿ ಕಳುಹಿಸಿದ ಹಳೆಯ ಪತ್ರಿಕೆಯನ್ನು ಅಂಗೈಯಿಂದ ಒತ್ತಿ ಸರಿಮಾಡಿ, ಎಣ್ಣೆಯ ಕಲೆ ಬಿದ್ದ ಸಾಲುಗಳನ್ನೂ ಬಿಡದೆ ಓದುತ್ತಿದ್ದೆವೆಂದು ಅಣ್ಣ ಹೇಳಿದ ಮಾತನ್ನೂ ತಮ್ಮ ವಿದ್ಯಾರ್ಥಿಗಳಿಗೆ ತಿಳಿಸಿ. ಆ ಕೋಣೆಯ ಮಲಯಾಳಿ ಗೆಳೆಯರಿಗೆ ಮುಂದೆ 1993ರಲ್ಲಿ ಏಷ್ಯಾನೆಟ್ ಟಿವಿ ವಾಹಿನಿ ಬಂತು, 1999ರಲ್ಲಿ ಬಹ್ರೇನ್‌ನಿಂದ ‘ಗಲ್ಫ್ ಮಾಧ್ಯಮಂ’ ಪತ್ರಿಕೆ ಹೊರಟಿತು. ಕನ್ನಡಕ್ಕೆ 1994ರಲ್ಲಿ ಉದಯ ಟಿವಿ ಬಂದಿತಾದರೂ, ಅದರಲ್ಲಿ ಕುಂಬಳೆಯ ಸುದ್ದಿಗಾಗಿ ಕಾದು ಕುಳಿತವರಿಗೆ ದೊರೆತದ್ದು ಬಹಳ ಕಡಿಮೆ.

ಪ್ರಶ್ನೆ: ನಾನು ಕುಂಬಳೆಯವನು, ಇಪ್ಪತ್ತು ವರ್ಷಗಳಿಂದ ದುಬೈಯಲ್ಲಿದ್ದೇನೆ. ನಮ್ಮ ಹೆಸರು ಪತ್ರಿಕೆಯಲ್ಲಿ ಬರುವುದು ಶಾಲು ಹೊದೆಸಿ ಸನ್ಮಾನಿಸಿದಾಗ, ಇಲ್ಲವೇ ಸತ್ತಾಗ, ಇಲ್ಲವೇ ಯಾರೋ ಒಬ್ಬ ಚಿನ್ನದೊಂದಿಗೆ ಸಿಕ್ಕಿಬಿದ್ದಾಗ. ನಮ್ಮ ಬದುಕು ಸುದ್ದಿಯಲ್ಲವೇ? — ಓದುಗರು, ದುಬೈ

ತಮ್ಮ ನೋವು ನ್ಯಾಯವಾದುದು. ಅರೆಕಾಲಿಕ ವರದಿಗಾರನಾಗಿ ಬಹಳ ವರ್ಷ ದುಡಿದ ನನಗೂ ಇದರಲ್ಲಿ ಪಾಲಿದೆ. ದಾನಿಯ ಭಾವಚಿತ್ರ ಕಳುಹಿಸಿದರೆ ಜಾಗ ಸಿಗುತ್ತಿತ್ತು. ಎರಡು ವರ್ಷ ಸಂಬಳ ಬಾರದೆ ಮರಳಿದವನ ಸಂಗತಿಯನ್ನು ಕಳುಹಿಸಿದಾಗ, ಇದರಲ್ಲಿ ಸುದ್ದಿ ಎಲ್ಲಿದೆ ಎಂದು ಪತ್ರಿಕೆಯ ಸಂಪಾದಕೀಯ ಮೇಜಿನವರು ಕೇಳಿದರು. ನಾನು ಎರಡನೆಯ ಸಲ ಕಳುಹಿಸಲಿಲ್ಲ. ಅದಕ್ಕಾಗಿ ಇಂದಿಗೂ ಬೇಸರವಿದೆ.

ಮಾಧ್ಯಮ ಎಲ್ಲಿ ಚೆನ್ನಾಗಿ ಬೆಸೆಯಿತು, ಎಲ್ಲಿ ಕೈಬಿಟ್ಟಿತು ಎಂಬುದಕ್ಕೆ ಎರಡು ದಿನಮಾನಗಳು ನನ್ನ ಕಣ್ಣೆದುರು ಇವೆ. 2010ರ ಮೇ 22ರ ಶನಿವಾರ ಬೆಳಗ್ಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನಲ್ಲಿ ಇಳಿಯುವಾಗ ಓಡುದಾರಿ ದಾಟಿ ಕಮರಿಗೆ ಬಿದ್ದು, ಅದರಲ್ಲಿದ್ದ 166 ಮಂದಿಯಲ್ಲಿ 158 ಮಂದಿ ತೀರಿಕೊಂಡರು. ಅವರಲ್ಲಿ ಕಾಸರಗೋಡು ಜಿಲ್ಲೆಯವರು ಅನೇಕರು. ಅಂದು ದುಬೈಯವರು ಟಿವಿ ನೋಡುತ್ತ ಊರಿಗೆ ಫೋನು ಮಾಡುತ್ತಿದ್ದರು, ಊರಿನವರು ಟಿವಿ ನೋಡುತ್ತ ದುಬೈಗೆ ಫೋನು ಮಾಡುತ್ತಿದ್ದರು. ನಮ್ಮಲ್ಲಿ ಒಂದೇ ಹೆಸರಿನ ಹತ್ತು ಮಂದಿ ಇರುತ್ತಾರೆ. ಮನೆಯ ಹೆಸರು, ಊರಿನ ಹೆಸರು ಸೇರಿದಾಗಲೇ ಇಂಥವನೆಂದು ತಿಳಿಯುವುದು. ಬರೀ ಹೆಸರು ಓಡಿಸಿದ ವಾಹಿನಿಗಳು ಭಯವನ್ನು ಹೆಚ್ಚಿಸಿದವು, ಮನೆಯ ಹೆಸರು ಕೇಳಿ ಬರೆದುಕೊಂಡ ಸ್ಥಳೀಯ ವರದಿಗಾರರು ಎಷ್ಟೋ ಮನೆಗಳ ಸಂದೇಹವನ್ನು ನಿವಾರಿಸಿದರು. ಊರು ಬಲ್ಲವನೇ ಬರೆಯಬೇಕು ಎನ್ನುವುದು ಇದಕ್ಕಾಗಿ.

ಇನ್ನೊಂದು, 2020ರ ಮಾರ್ಚ್. ಕೊಲ್ಲಿಯಿಂದ ಬಂದವರಲ್ಲಿ ಕೊರೊನಾ ಕಾಣಿಸಿಕೊಂಡ ಆರಂಭದ ದಿನಗಳಲ್ಲಿ ಕರ್ನಾಟಕ ಸರ್ಕಾರ ಗಡಿಯನ್ನು ಮುಚ್ಚಿತು. ತಲಪಾಡಿಯಲ್ಲಿ ತಡೆ ಬಿತ್ತು, ಒಳದಾರಿಗಳಿಗೆ ಮಣ್ಣು ಸುರಿದರು. ಚಿಕಿತ್ಸೆಗೆ ಮಂಗಳೂರನ್ನೇ ನಂಬಿದ್ದ ಜನರಿಗೆ ದಾರಿ ಇಲ್ಲದಾಯಿತು, ಪ್ರಶ್ನೆ ಹೈಕೋರ್ಟು, ಸುಪ್ರೀಂ ಕೋರ್ಟುಗಳವರೆಗೆ ಹೋಯಿತು. ಆ ವಾರಗಳಲ್ಲಿ ಕನ್ನಡ ವಾಹಿನಿಗಳ ಪಾಲಿಗೆ ಕಾಸರಗೋಡು ಸೋಂಕಿನ ಅಂಕಿಯಾಗಿತ್ತು. ಮಲಯಾಳದ ಮಾಧ್ಯಮಗಳಲ್ಲಿ ಕೊಲ್ಲಿಯಿಂದ ಮರಳಿದವನು ಎಲ್ಲೆಲ್ಲಿ ತಿರುಗಿದ ಎಂಬ ನಕ್ಷೆಯಾಗಿ ಕಾಣಿಸಿಕೊಂಡ. ಅವನ ಅಮ್ಮ ಕನ್ನಡ ಶಾಲೆಯಲ್ಲಿ ಓದಿದವರು, ಡಯಾಲಿಸಿಸಿಗೆ ಮಂಗಳೂರಿಗೆ ಹೋಗಬೇಕಾದವರು ಎಂಬಂಥ ವಿವರಗಳು ಎರಡೂ ಕಡೆ ಕಾಣಿಸಲಿಲ್ಲ. ಒಂದೇ ಭಾಷೆ ಆಡುವವರ ನಡುವೆ ಭಾಷೆಯೊಂದೇ ಸೇತುವೆಯಾಗುವುದಿಲ್ಲ ಎಂಬುದನ್ನು ಅಂದು ನಾವು ಕಣ್ಣಾರೆ ಕಂಡೆವು.

ಆದುದರಿಂದ ತಮ್ಮಲ್ಲಿ ಒಂದು ಕೋರಿಕೆ. ಸನ್ಮಾನದ ಚಿತ್ರದ ಬದಲು, ತಮ್ಮ ಕೋಣೆಯ ಬಾಡಿಗೆ, ಬೇಸಿಗೆಯ ನಡುಹಗಲು ಹೊರಗಿನ ಕೆಲಸ ನಿಲ್ಲಿಸುವ ನಿಯಮ, ವಾಟ್ಸಾಪ್ ಕರೆಗೆ ಅಲ್ಲಿರುವ ತಡೆ, ಮಗುವಿನ ಶಾಲೆಯ ಶುಲ್ಕ ಇವುಗಳ ಬಗ್ಗೆ ಬರೆದು ಕಳುಹಿಸಿ. ಭಾಷೆ ತಿದ್ದುವ ಹೊಣೆ ನಮ್ಮದು. ಊರಿನ ಸುದ್ದಿ ತಮಗೆ ಬರುವ ಹಾಗೆ ತಮ್ಮ ಸುದ್ದಿಯೂ ಊರಿಗೆ ಬರಬೇಕು. ಒಂದೇ ದಿಕ್ಕಿಗೆ ಹರಿಯುವ ಸುದ್ದಿಯಿಂದ ಕೇಳುಗರು ಹುಟ್ಟುತ್ತಾರೆಯೇ ಹೊರತು ಬಳಗ ಹುಟ್ಟುವುದಿಲ್ಲ.

ಪ್ರಶ್ನೆ: ವಾಟ್ಸಾಪ್ ಗುಂಪಿನಲ್ಲಿ ಎಲ್ಲ ಸುದ್ದಿಯೂ ಬರುತ್ತಿರುವಾಗ ಪತ್ರಿಕೆ ಬೇಕೇ? — ಕಾಲೇಜು ವಿದ್ಯಾರ್ಥಿ, ಉಪ್ಪಳ

ಬೇಕು. ಪರಸ್ಪರ ಮುಖ ಕಾಣದ ಜನ ಒಂದೇ ಬೆಳಗ್ಗೆ ಒಂದೇ ಪತ್ರಿಕೆ ಓದುವುದರಿಂದ ತಾವೆಲ್ಲ ಒಂದು ಎಂಬ ಭಾವ ಮೂಡುತ್ತದೆ ಎಂದು ಬೆನೆಡಿಕ್ಟ್ ಆಂಡರ್ಸನ್ ಎಂಬ ವಿದ್ವಾಂಸರು 1983ರಲ್ಲಿ ವಿವರಿಸಿದರು. ನಿಮ್ಮ ಮನೆಯ ವಾಟ್ಸಾಪ್ ಗುಂಪಿನಲ್ಲಿ ಇರುವವರು ಪರಿಚಿತರೇ. ಅಲ್ಲಿ ಬಂದ ತಪ್ಪು ಸುದ್ದಿಗೆ ಮರುದಿನ ತಿದ್ದುಪಡಿ ಪ್ರಕಟಿಸುವವರು ಯಾರೂ ಇಲ್ಲ.

ಪ್ರಶ್ನೆ: ಮುಂಬಯಿಯ ನಮ್ಮ ಸಂಘ ಹಲವು ದಶಕಗಳಿಂದ ಸಣ್ಣದೊಂದು ಕನ್ನಡ ಮಾಸಿಕವನ್ನು ನಡೆಸುತ್ತಿದೆ. ಮನೆಯಲ್ಲಿ ತುಳು ಮಾತಾಡುವ ನಮ್ಮ ಮಕ್ಕಳು ಕನ್ನಡ ಓದುವುದಿಲ್ಲ. ಇಂಗ್ಲಿಷಿಗೆ ಬದಲಿಸಬೇಕೇ, ನಿಲ್ಲಿಸಬೇಕೇ? — ಓದುಗರು, ಮುಂಬಯಿ (ಮೂಲ: ಪೈವಳಿಕೆ)

ಈ ಪತ್ರವನ್ನು ನಾನು ಎರಡು ದಿನ ಮೇಜಿನ ಮೇಲೆಯೇ ಇಟ್ಟುಕೊಂಡಿದ್ದೆ. ಏಕೆಂದರೆ ನಮ್ಮ ಜಿಲ್ಲೆಯ ಕನ್ನಡದ ಗುಟ್ಟು ಇದರಲ್ಲಿದೆ. ಸಪ್ತಭಾಷೆಗಳ ಈ ನೆಲದಲ್ಲಿ ತುಳು, ಕೊಂಕಣಿ, ಬ್ಯಾರಿ, ಮರಾಠಿ, ಮಲಯಾಳ ಒಲೆಯ ಪಕ್ಕದಲ್ಲಿ ಬೆಳೆದ ಭಾಷೆಗಳು. ಮನೆಯಲ್ಲೂ ಕನ್ನಡವನ್ನೇ ಆಡುವ ಹವ್ಯಕರಂಥ ಕೆಲವರನ್ನು ಬಿಟ್ಟರೆ, ಹೆಚ್ಚಿನವರಿಗೆ ಕನ್ನಡ ಬಂದದ್ದು ಶಾಲೆಯಿಂದ, ಪತ್ರಿಕೆಯಿಂದ, ರಾತ್ರಿಯಿಡೀ ನೋಡಿದ ಯಕ್ಷಗಾನದಿಂದ. ಆದುದರಿಂದ ಹೊರಗೆ ಹೋದ ಮನೆಯಲ್ಲಿ ತುಳು ಉಳಿದು ಕನ್ನಡ ಮೊದಲು ಹೋಗುತ್ತದೆ. ಬೇರೆ ಕಡೆಯ ಕನ್ನಡಿಗರಿಗೆ ಪತ್ರಿಕೆಯಿಲ್ಲದಿದ್ದರೂ ಮನೆಮಾತು ಉಳಿಯಬಹುದು. ನಮಗೆ ಪತ್ರಿಕೆಯೇ ಕನ್ನಡದ ಮನೆ.

ಇಂಗ್ಲಿಷಿಗೆ ಬದಲಿಸಿದರೆ ಸಂಘ ಉಳಿದೀತು, ಕನ್ನಡಕ್ಕೆ ಇರುವ ಈ ಒಂದು ಸೂರು ಹೋಗುತ್ತದೆ. ನಿಲ್ಲಿಸಬೇಡಿ. ಪುಟಗಳನ್ನು ಕಡಿಮೆ ಮಾಡಿ, ಅಕ್ಷರವನ್ನು ದೊಡ್ಡದು ಮಾಡಿ, ಅಧ್ಯಕ್ಷರ ಭಾಷಣವನ್ನು ಕೈಬಿಡಿ. ಒಂದು ಪುಟವನ್ನು ಮಕ್ಕಳಿಗೆ ಕೊಟ್ಟು, ಅಜ್ಜ ಯಾವ ಹೋಟೆಲಿನಲ್ಲಿ ಕೆಲಸಕ್ಕೆ ಸೇರಿದರು, ಮೊದಲ ಸಂಬಳ ಎಷ್ಟು, ಯಾವ ರಾತ್ರಿಶಾಲೆಗೆ ಹೋದರು ಎಂದು ತುಳುವಿನಲ್ಲೇ ಕೇಳಿ ಫೋನಿನಲ್ಲಿ ಧ್ವನಿಮುದ್ರಿಸಲು ಹೇಳಿ. ಅದನ್ನು ಹಿರಿಯರೊಬ್ಬರು ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಕನ್ನಡಕ್ಕೆ ಇಳಿಸಲಿ. ಮುದ್ರಿತ ಪುಟದಲ್ಲಿ ತನ್ನ ಹೆಸರನ್ನು ಕಂಡ ಮಗು ಆ ಸಾಲುಗಳನ್ನಾದರೂ ಬಿಡಿಸಿ ಓದುತ್ತದೆ. ಜೊತೆಗೆ ವಾರಕ್ಕೊಮ್ಮೆ ಮಕ್ಕಳೊಂದಿಗೆ ಕುಳಿತು ಒಂದು ಯಕ್ಷಗಾನ ನೋಡಿ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆಯ ಸೀಮೆಯವರಾದ ನಮಗೆ ಇದನ್ನು ಬೇರೆಯವರು ಹೇಳಬೇಕಾಗಿಲ್ಲ. ಈಗ ಮೇಳಗಳ ಆಟಗಳು ಯೂಟ್ಯೂಬಿನಲ್ಲಿ ನೇರವಾಗಿ ಬರುತ್ತಿವೆ, ಅರ್ಥ ಹೇಳುವ ಕಲಾವಿದರ ತಿಳಿಗನ್ನಡ ಕಿವಿಗೆ ಬೀಳುತ್ತದೆ.

ಇನ್ನೊಂದು ಮಾತು. ಸಂಘದ ಕಪಾಟಿನಲ್ಲಿ ಹಳೆಯ ಸಂಚಿಕೆಗಳಿದ್ದರೆ ಯಾವ ಕಾರಣಕ್ಕೂ ರದ್ದಿಗೆ ಹಾಕಬೇಡಿ. ಮುಂಬಯಿಯ ಮಳೆಗೆ ಆ ಕಾಗದ ತಡೆಯುವುದಿಲ್ಲ. ಈ ಜೂನಿಗೆ ಮೊದಲು ಯಾರಾದರೂ ಇಬ್ಬರು ಯುವಕರನ್ನು ಕೂರಿಸಿ, ಜಾಹೀರಾತು, ನಿಧನ ವಾರ್ತೆ, ಚಂದಾದಾರರ ಪಟ್ಟಿ ಯಾವುದನ್ನೂ ಬಿಡದೆ ಒಂದೊಂದು ಪುಟದ ಚಿತ್ರವನ್ನೂ ತೆಗೆಸಿ. ಪೈವಳಿಕೆಯಿಂದ ಯಾವ ವರ್ಷ ಯಾರು ಹೊರಟರು, ಯಾರ ಕೋಣೆಯಲ್ಲಿ ತಂಗಿದರು ಎಂಬುದು ಆ ಪಟ್ಟಿಗಳಲ್ಲಿ ಅಲ್ಲದೆ ಬೇರೆಲ್ಲೂ ಬರೆದಿಟ್ಟಿರಲಾರದು.